ಸನ್ಯಾಸಿ ಯೋಧರ ಕಾಯಿಲೆ, ಗಾಯ, ಶುಶ್ರೂಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೆರುಸಲೇಮಿಗಾಗಿ ಕ್ರೈಸ್ತರು ನಡೆಸಿದ ಕ್ರುಸೇಡ್ ಎಂಬ ಧರ್ಮಯುದ್ಧಗಳ ಕಾಲದ ನೈಟ್, ಅಂದರೆ ಕುದುರೆ ಏರಿ ಹೋರಾಡುವ ಯೋಧ, ಎಂದ ಕೂಡಲೇ ಕಣ್ಣಮುಂದೆ ಬರುವುದು ಬಿಳಿ ನಿಲುವಂಗಿ, ಅದರ ಮೇಲೆ ಕೆಂಪು ಶಿಲುಬೆ, ಕೈಯಲ್ಲಿ ಕತ್ತಿ. ಆ ನಿಲುವಂಗಿಯೊಳಗೂ ಒಂದು ಮೈ ಇತ್ತು. ಅದಕ್ಕೆ ಜ್ವರ ಬರುತ್ತಿತ್ತು, ಹೊಟ್ಟೆ ಕೆಡುತ್ತಿತ್ತು, ವಸಡು ಕೊಳೆಯುತ್ತಿತ್ತು, ಕೆಲವೊಮ್ಮೆ ಕುಷ್ಠವೂ ತಗುಲುತ್ತಿತ್ತು. ಯುದ್ಧದ ತಾರೀಖುಗಳಿಗಿಂತ ನನ್ನನ್ನು ಈ ಚರಿತ್ರೆಯತ್ತ ಎಳೆದದ್ದು ಆ ಮೈಯ ಕಥೆಯೇ. ಕಾಯಿಲೆ ಬಿದ್ದ ಯೋಧನನ್ನು ಅವನ ಜೊತೆಯವರು ಹೇಗೆ ನೋಡಿಕೊಂಡರು ಎಂಬುದರಲ್ಲೇ ಈ ಸಂಘಗಳ ನಿಜವಾದ ಗುಣ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಸನ್ಯಾಸಿ ಯೋಧರು ಅಂದರೆ ಯಾರು?

ಬ್ರಹ್ಮಚರ್ಯ, ಬಡತನ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟು, ಮಠದ ನಿಯಮದಂತೆ ಬದುಕುತ್ತಲೇ ಕತ್ತಿ ಹಿಡಿದ ಕ್ರೈಸ್ತರು. ಸುಮಾರು 1120ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಟೆಂಪ್ಲರ್‌ಗಳು ಇವರಲ್ಲಿ ಹೆಚ್ಚು ಹೆಸರಾದವರು. ಹಾಸ್ಪಿಟಲರ್‌ಗಳದು ಅದಕ್ಕಿಂತ ಹಳೆಯ ಸಂಸ್ಥೆ. ಅದು ಮೊದಲು ಯಾತ್ರಿಕರ ಆಸ್ಪತ್ರೆಯಾಗಿತ್ತು, 1113ರಲ್ಲಿ ಪೋಪ್‌ನ ಮನ್ನಣೆ ಪಡೆಯಿತು, ಆಯುಧ ಹಿಡಿದದ್ದು ಆಮೇಲೆ. ಟ್ಯೂಟಾನಿಕ್ ನೈಟ್‌ಗಳು ಜರ್ಮನರು. ಇವರೂ ಶುರುವಾದದ್ದು ಆಸ್ಪತ್ರೆಯಾಗಿಯೇ: 1190ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಏಕರ್ ಕೋಟೆಯ ಮುತ್ತಿಗೆ ನಡೆದಿದ್ದಾಗ ಬ್ರೆಮೆನ್ ಮತ್ತು ಲ್ಯೂಬೆಕ್‌ನ ವ್ಯಾಪಾರಿಗಳು ಹಡಗಿನ ಹಾಯಿಬಟ್ಟೆಯನ್ನು ಡೇರೆ ಮಾಡಿ, ಅದರಡಿ ರೋಗಿಗಳನ್ನು ಮಲಗಿಸಿದರು. ನಾಲ್ಕನೆಯದು ಸಂತ ಲಾಜರಸ್ ಸಂಘ, ಕುಷ್ಠರೋಗಿಗಳದು. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ನಾಲ್ಕರಲ್ಲಿ ಮೂರು ಸಂಘಗಳ ಬೇರು ರೋಗಿಯ ಹಾಸಿಗೆಯ ಪಕ್ಕದಲ್ಲೇ ಇದೆ ಎಂಬುದನ್ನು ಗಮನಿಸಬೇಕು.

ಹಾಗಾದರೆ ಟೆಂಪ್ಲರ್‌ಗಳೂ ಆಸ್ಪತ್ರೆ ನಡೆಸುತ್ತಿದ್ದರೆ?

ಇಲ್ಲ. ಇದು ತುಂಬ ಜನ ಮಾಡುವ ತಪ್ಪು. ಊರಿಗೆಲ್ಲ ಬಾಗಿಲು ತೆರೆದ ಆಸ್ಪತ್ರೆ ಇದ್ದದ್ದು ಹಾಸ್ಪಿಟಲರ್‌ಗಳಿಗೆ. ಟೆಂಪ್ಲರ್ ಮಠಗಳಲ್ಲಿ ಇದ್ದದ್ದು ತಮ್ಮ ಸಹೋದರರಿಗಾಗಿ ಮೀಸಲಾದ ರೋಗಿಗಳ ಕೋಣೆ, ಅದನ್ನು ನೋಡಿಕೊಳ್ಳಲು ಒಬ್ಬ ಶುಶ್ರೂಷಕ ಸಹೋದರ. ಹಾಸ್ಪಿಟಲರ್‌ಗಳಲ್ಲೂ ಸಂಘದ ಸಹೋದರರಿಗೆ ಬೇರೆಯೇ ರೋಗಿಗಳ ಕೋಣೆ ಇತ್ತು. ಬಡ ಯಾತ್ರಿಕರು ಮಲಗುತ್ತಿದ್ದ ದೊಡ್ಡ ಆಸ್ಪತ್ರೆಯೇ ಬೇರೆ, ಇದೇ ಬೇರೆ.

ಜೆರುಸಲೇಮಿನ ಆ ದೊಡ್ಡ ಆಸ್ಪತ್ರೆ ಹೇಗಿತ್ತು?

ಈ ಪ್ರಶ್ನೆ ಬಂದಾಗ ನನಗೆ ಮಾತು ನಿಲ್ಲಿಸುವುದೇ ಕಷ್ಟ.

1182ರಲ್ಲಿ ಹಾಸ್ಪಿಟಲರ್ ಸಂಘದ ಮುಖ್ಯಸ್ಥನಾದ ಮಹಾಗುರು ರೋಜರ್ ದೆ ಮೂಲಿನ್ ಹೊರಡಿಸಿದ ಕಟ್ಟಳೆಗಳು ನಮಗೆ ಉಳಿದಿವೆ. ಮೂತ್ರದ ಗುಣ ಗುರುತಿಸಬಲ್ಲ, ಔಷಧ ಕೊಡಬಲ್ಲ ನಾಲ್ವರು ತಿಳಿದ ವೈದ್ಯರನ್ನು ಇಟ್ಟುಕೊಳ್ಳಬೇಕು ಎಂದು ಅವು ಹೇಳುತ್ತವೆ. ಹಾಸಿಗೆ ಮೈಚಾಚಿ ಮಲಗುವಷ್ಟು ಉದ್ದ, ಅಗಲ ಇರಬೇಕು. ಪ್ರತಿ ಹಾಸಿಗೆಗೂ ಅದರದೇ ಹೊದಿಕೆ, ಅದರದೇ ಹಾಸುಬಟ್ಟೆ. ರೋಗಿ ಶೌಚಕ್ಕೆ ಎದ್ದು ಹೋಗುವಾಗ ಹೊದ್ದುಕೊಳ್ಳಲು ಮೇಲಂಗಿ, ಮೆಟ್ಟಿಕೊಳ್ಳಲು ಬೂಟು. ಯಾತ್ರೆಗೆ ಬಂದ ಹೆಂಗಸರು ಅಲ್ಲೇ ಹೆತ್ತರೆ ಕೂಸಿಗೆ ಬೇರೆ ತೊಟ್ಟಿಲು ಇರಬೇಕು, ತಾಯಿ ಮಗ್ಗುಲಾದಾಗ ಕೂಸಿಗೆ ತೊಂದರೆಯಾಗಬಾರದು. ಒಂದೊಂದು ವಾರ್ಡಿಗೂ ಒಂಬತ್ತು ಮಂದಿ ಸೇವಕರು. ರೋಗಿಗಳ ಕಾಲು ತೊಳೆಯುವುದು, ಹಾಸುಬಟ್ಟೆ ಬದಲಿಸುವುದು, ಊಟ ಕೊಡುವುದು ಅವರ ಕೆಲಸ. ವಾರಕ್ಕೆ ಮೂರು ದಿನ ಹಂದಿ ಅಥವಾ ಕುರಿಯ ತಾಜಾ ಮಾಂಸ, ಅದು ಸೇರದವರಿಗೆ ಕೋಳಿ.

ಎಲ್ಲಿಂದ ಏನು ಬರಬೇಕೆಂಬುದನ್ನೂ ಬರೆದಿಟ್ಟಿದ್ದರು. ಅಂತಿಯೋಕದಿಂದ ಹೊದಿಕೆಗೆ ಹತ್ತಿಬಟ್ಟೆ. ತಿಬೇರಿಯಾಸ್ ಮತ್ತು ಮಾಂಟ್ ಪೆಲೆರಿನ್‌ನಿಂದ ಸಕ್ಕರೆ, ಕ್ವಿಂಟಾಲಿನ ಲೆಕ್ಕದಲ್ಲಿ. ಸಕ್ಕರೆ ಏಕೆಂದರೆ ಪಾನಕ, ಔಷಧ, ಲೇಹ್ಯ ಮಾಡಲು. ಆಗಿನ ಯುರೋಪಿನಲ್ಲಿ ಸಕ್ಕರೆ ಔಷಧದ ಸಾಲಿಗೆ ಸೇರಿದ ದುಬಾರಿ ವಸ್ತು. ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಸಿಗುತ್ತದೆ. ಕಬ್ಬಿನ ರಸವನ್ನು ಹರಳು ಮಾಡುವ ವಿದ್ಯೆ ಭಾರತದಿಂದ ಪರ್ಷಿಯಾಕ್ಕೆ, ಅರಬರಿಗೆ, ಅವರಿಂದ ಕ್ರುಸೇಡಿನವರಿಗೆ ದಾಟಿತು. ‘ಶರ್ಕರಾ’ ಎಂಬ ಪದವೂ ಜೊತೆಗೇ ಪ್ರಯಾಣ ಮಾಡಿತು. ನಾವು ‘ಸಕ್ಕರೆ’ ಅನ್ನುತ್ತೇವೆ, ಅರಬರು ‘ಸುಕ್ಕರ್’ ಅಂದರು.

ಆ ಸಂಘದ ಭಾಷೆಯಲ್ಲಿ ರೋಗಿಗಳಿಗೆ ‘ನಮ್ಮ ಒಡೆಯರಾದ ರೋಗಿಗಳು’ ಎಂದೇ ಹೆಸರು. ಕುದುರೆ, ಕತ್ತಿ, ಕೋಟೆಗಳಿದ್ದ ಕುಲೀನ ಮನೆತನದ ಗಂಡಸರು ಗತಿಯಿಲ್ಲದ ಯಾತ್ರಿಕನನ್ನು ಒಡೆಯ ಎಂದು ಕರೆಯಬೇಕಿತ್ತು. ಬರೇ ಬಾಯಿಮಾತಾಗಿದ್ದರೆ ತೊಟ್ಟಿಲು, ಬೂಟುಗಳ ತನಕ ಕಟ್ಟಳೆ ಇಳಿಯುತ್ತಿರಲಿಲ್ಲ.

1160ರ ದಶಕದಲ್ಲಿ ಬಂದ ಜರ್ಮನ್ ಪಾದ್ರಿ, ವೂರ್ಟ್ಸ್‌ಬರ್ಗಿನ ಜಾನ್, ಅಲ್ಲಿ 2,000 ರೋಗಿಗಳಿದ್ದರು ಎಂದು ಬರೆದ. ಒಂದೊಂದು ಸಲ ಹಗಲು ರಾತ್ರಿ ಸೇರಿ 50ಕ್ಕೂ ಹೆಚ್ಚು ಹೆಣ ಹೊರಗೆ ಹೋಗುತ್ತಿತ್ತು ಎಂದೂ ಹೇಳಿದ್ದಾನೆ. ಯಾತ್ರಿಕರ ಲೆಕ್ಕ ಸ್ವಲ್ಪ ಉಬ್ಬಿರಬಹುದು. ಆದರೂ ಸಾವಿರ ಹಾಸಿಗೆಯ ಅಂದಾಜನ್ನು ಬೇರೆಯವರೂ ಕೊಟ್ಟಿದ್ದಾರೆ. ಮುಸಲ್ಮಾನರನ್ನೂ ಯಹೂದಿಗಳನ್ನೂ ಒಳಗೆ ಸೇರಿಸುತ್ತಿದ್ದರು ಎಂದು 1180ರ ಆಸುಪಾಸಿನ, ಹೆಸರು ತಿಳಿಯದ ಬರಹಗಾರನೊಬ್ಬ ದಾಖಲಿಸಿದ್ದಾನೆ. ಕುಷ್ಠರೋಗಿಗಳಿಗೆ ಮಾತ್ರ ಅಲ್ಲಿ ಜಾಗ ಇರಲಿಲ್ಲ.

1187ರಲ್ಲಿ ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಗೆದ್ದ. ಹಾಸ್ಪಿಟಲರ್‌ಗಳು ಅವನ ಕಡುವೈರಿಗಳು. ಆದರೂ ಹತ್ತು ಮಂದಿ ಸಹೋದರರು ಒಂದು ವರ್ಷ ಅಲ್ಲೇ ಉಳಿದು, ಎದ್ದು ನಡೆಯಲಾರದ ರೋಗಿಗಳನ್ನು ನೋಡಿಕೊಳ್ಳಲು ಅನುಮತಿ ಕೊಟ್ಟ.

ರಣರಂಗದಲ್ಲಿ ಬಿದ್ದವರನ್ನು ಯಾರು ಎತ್ತಿ ತರುತ್ತಿದ್ದರು?

ಅದೇ ಅನಾಮಿಕ ಬರಹಗಾರ ಇದನ್ನೂ ಹೇಳುತ್ತಾನೆ. ಸೈನ್ಯದ ಜೊತೆ ಆಸ್ಪತ್ರೆಯ ಡೇರೆಗಳೂ ಶಸ್ತ್ರವೈದ್ಯರೂ ಹೋಗುತ್ತಿದ್ದರು. ಗಾಯಾಳುಗಳಿಗೆ ಮೊದಲ ಆರೈಕೆ ಅಲ್ಲೇ. ಅಲ್ಲಿ ಆಗದವರನ್ನು ಒಂಟೆ, ಕುದುರೆ, ಹೇಸರಗತ್ತೆ, ಕತ್ತೆಗಳ ಮೇಲೆ ಜೆರುಸಲೇಮಿಗೆ ಸಾಗಿಸುತ್ತಿದ್ದರು. ಪ್ರಾಣಿಗಳು ಸಾಲದಿದ್ದರೆ ಬಾಡಿಗೆಗೆ ತರುತ್ತಿದ್ದರು. ಅದೂ ಸಾಲದೇ ಹೋದರೆ ಸಂಘದ ಸಹೋದರರು ತಮ್ಮ ಸ್ವಂತ ಸವಾರಿಯ ಕುದುರೆಗೆ ಗಾಯಾಳುವನ್ನು ಹತ್ತಿಸಿ, ತಾವು ನಡೆದುಕೊಂಡು ಮನೆ ಸೇರುತ್ತಿದ್ದರು. ನೈಟ್‌ನೊಬ್ಬ ಕುದುರೆಯಿಂದ ಇಳಿದು ನಡೆಯುವುದೆಂದರೆ ಆ ಕಾಲದಲ್ಲಿ ಎಷ್ಟು ದೊಡ್ಡ ಮಾತು ಎಂದು ಯೋಚಿಸಿ ನೋಡಿ.

1177ರ ನವೆಂಬರ್ 25ರಂದು ಮಾಂಟ್‌ಗಿಸಾರ್ಡ್ ಯುದ್ಧದಲ್ಲಿ ಕ್ರುಸೇಡಿನವರು ಗೆದ್ದರು. ಗೆದ್ದ ಪಕ್ಷದಿಂದಲೇ 750 ಗಾಯಾಳುಗಳು ಆಸ್ಪತ್ರೆ ಸೇರಿದರೆಂದು ರೋಜರ್ ದೆ ಮೂಲಿನ್ ತನ್ನ ಪತ್ರದಲ್ಲಿ ಬರೆದಿದ್ದಾನೆ. ಆಗ ಒಳಗೆ ಮೊದಲೇ 900 ರೋಗಿಗಳಿದ್ದರು. ಹಾಸಿಗೆಯ ಅಳತೆ, ಕೂಸಿನ ತೊಟ್ಟಿಲಿನ ಬಗ್ಗೆ ಅಷ್ಟೊಂದು ಯೋಚಿಸಿದ ಈ ಮನುಷ್ಯ 1187ರ ಮೇ 1ರಂದು ಕ್ರೆಸ್ಸನ್ ಎಂಬಲ್ಲಿ ಯುದ್ಧದಲ್ಲೇ ಸತ್ತ. ಅವನನ್ನು ಯಾವ ಡೇರೆಗೂ ಒಯ್ಯುವ ಹಾಗಿರಲಿಲ್ಲ.

ಗಾಯಗಳು ಎಂಥವು?

ಬರಹಗಳಿಗಿಂತ ಮೂಳೆಗಳು ಇದನ್ನು ಚೆನ್ನಾಗಿ ಹೇಳುತ್ತವೆ. ಗಲಿಲಾಯದಲ್ಲಿ ಜೋರ್ಡಾನ್ ನದಿಯ ಕಡವಿನ ಹತ್ತಿರ ವಾಡುಮ್ ಯಾಕೋಬ್ ಎಂಬ ಕೋಟೆ ಇತ್ತು. 1178ರ ಅಕ್ಟೋಬರಿನಲ್ಲಿ ಕಟ್ಟಲು ಶುರು ಮಾಡಿ, ಟೆಂಪ್ಲರ್‌ಗಳ ಕೈಗೆ ಒಪ್ಪಿಸಿದ್ದರು. ಕಟ್ಟಡ ಮುಗಿಯುವ ಮೊದಲೇ 1179ರ ಆಗಸ್ಟಿನಲ್ಲಿ ಸಲಾದಿನ್ ಅದನ್ನು ಐದಾರು ದಿನಗಳಲ್ಲಿ ಹಿಡಿದ. ಅಲ್ಲಿ ಉತ್ಖನನ ಮಾಡಿದಾಗ ಸತ್ತವರ ಅಸ್ಥಿಗಳು ಬಿದ್ದ ಜಾಗದಲ್ಲೇ ಸಿಕ್ಕವು. ಮೂಳೆಗಳ ನಡುವೆ ಬಾಣದ ಮೊನೆಗಳು. ತಲೆಬುರುಡೆಯ ಮೇಲೆ, ದವಡೆಯ ಮೇಲೆ ಕತ್ತಿಯ ಕಚ್ಚು. ಒಬ್ಬನ ತೋಳು ಮೊಣಕೈಗಿಂತ ಮೇಲೆ ತುಂಡಾಗಿದೆ. ಇವರಲ್ಲಿ ವ್ರತ ತೊಟ್ಟ ಟೆಂಪ್ಲರ್ ಯಾರು, ಗಾರೆಯವನು ಯಾರು, ಕೂಲಿ ಸಿಪಾಯಿ ಯಾರು ಎಂದು ಮೂಳೆ ಹೇಳುವುದಿಲ್ಲ. ಎಲ್ಲರೂ ಒಂದೇ ಗೋಡೆಯೊಳಗೆ ಸತ್ತರು.

ಕೋಟೆ ಗೆದ್ದವರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಸತ್ತವರ ಹೆಣಗಳನ್ನು ಕೋಟೆಯ ನೀರಿನ ತೊಟ್ಟಿಗೆ ಎಸೆದರು. ಬೇಸಗೆಯ ಆ ಬಿಸಿಲಿನಲ್ಲಿ ರೋಗ ಎದ್ದು, ಸಲಾದಿನ್‌ನ ಅಮೀರರಲ್ಲೇ ಹಲವರು ಸತ್ತರೆಂದು ಅರಬ್ ಚರಿತ್ರಕಾರರು ಬರೆದಿದ್ದಾರೆ.

ಕಬ್ಬಿಣದ ಕೊಂಡಿಗಳನ್ನು ಹೆಣೆದ ಕವಚ ಕತ್ತಿಯ ಕೊಯ್ತವನ್ನು ತಡೆಯುತ್ತಿತ್ತು. ಹಾಗಾಗಿ ಪೆಟ್ಟು ಬೀಳುತ್ತಿದ್ದದ್ದು ಕವಚ ಬಿಟ್ಟ ಕಡೆ: ಮುಖ, ಕತ್ತು, ಕೈಕಾಲು, ಕಂಕುಳು. 1250ರ ಫೆಬ್ರವರಿ 8ರಂದು ಈಜಿಪ್ಟಿನ ಮನ್ಸೂರಾದಲ್ಲಿ ಟೆಂಪ್ಲರ್ ಮಹಾಗುರು ಗಿಯೋಮ್ ದೆ ಸೊನ್ನಾಕ್ ಒಂದು ಕಣ್ಣು ಕಳೆದುಕೊಂಡ. ಮೂರೇ ದಿನಕ್ಕೆ ಮತ್ತೆ ಯುದ್ಧಕ್ಕೆ ನಿಂತ, ಇನ್ನೊಂದು ಕಣ್ಣೂ ಹೋಯಿತು, ಸತ್ತ. ಆ ದಂಡಯಾತ್ರೆಯಲ್ಲಿದ್ದ ಫ್ರೆಂಚ್ ನೈಟ್ ಜ್ವಾನ್ವೀಲ್ ಟೆಂಪ್ಲರ್‌ಗಳ ಸಾವನ್ನು 280 ಎಂದು ಲೆಕ್ಕ ಕೊಟ್ಟಿದ್ದಾನೆ.

ಫ್ರಾಂಕ್ ವೈದ್ಯರು ಕೊಡಲಿಯಿಂದ ಕಾಲು ಕಡಿಯುತ್ತಿದ್ದರಂತೆ, ನಿಜವೆ?

ಫ್ರಾಂಕ್ ಎಂದರೆ ಪಶ್ಚಿಮ ಯುರೋಪಿನಿಂದ ಬಂದ ಕ್ರೈಸ್ತ. ಈ ಕಥೆ ಬಂದದ್ದು ಸಿರಿಯಾದ ಕುಲೀನ ಉಸಾಮಾ ಇಬ್ನ್ ಮುನ್ಕಿದ್‌ನ ನೆನಪುಗಳಿಂದ. ಸ್ಥಳೀಯ ಕ್ರೈಸ್ತ ವೈದ್ಯನೊಬ್ಬ ನೈಟ್‌ನೊಬ್ಬನ ಕಾಲಿನ ಕುರುವಿಗೆ ಪಟ್ಟು ಹಾಕಿದ್ದ. ಕುರು ಒಡೆದು ವಾಸಿಯಾಗುತ್ತಿತ್ತು. ಅಷ್ಟರಲ್ಲಿ ಫ್ರಾಂಕ್ ವೈದ್ಯ ಬಂದು, ‘ಒಂದು ಕಾಲಿಟ್ಟುಕೊಂಡು ಬದುಕುತ್ತೀಯೋ, ಎರಡು ಕಾಲಿಟ್ಟುಕೊಂಡು ಸಾಯುತ್ತೀಯೋ’ ಎಂದು ಕೇಳಿ, ಕೊಡಲಿಯಲ್ಲಿ ಹೊಡೆಸಿದ. ರೋಗಿ ಅಲ್ಲೇ ಸತ್ತ.

ಎಲ್ಲರೂ ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ, ನನಗೆ ಬೇಸರವಾಗುವುದು ಅಲ್ಲೇ. ಅದೇ ಉಸಾಮಾ ಮುಂದೆ ಬೇರೆ ಎರಡು ಸಂಗತಿ ಹೇಳುತ್ತಾನೆ. ಜೆರುಸಲೇಮಿನ ರಾಜ ಫುಲ್ಕ್‌ನ ಖಜಾಂಚಿಗೆ ಕುದುರೆ ಒದ್ದು ಕಾಲಿನ ಹದಿನಾಲ್ಕು ಕಡೆ ಹುಣ್ಣಾಗಿತ್ತು. ಒಂದು ಕಡೆ ಮಾಯ್ದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಫ್ರಾಂಕ್ ವೈದ್ಯನೊಬ್ಬ ಮುಲಾಮುಗಳನ್ನೆಲ್ಲ ತೆಗೆದು, ಗಡುಸಾದ ವಿನೆಗರಿನಿಂದ ತೊಳೆಯುತ್ತಾ ಬಂದ, ಮನುಷ್ಯ ಎದ್ದು ಓಡಾಡಿದ. ಕತ್ತಿನ ಗಂಟಿನ ಹುಣ್ಣಿಗೆ ಫ್ರಾಂಕ್‌ನೊಬ್ಬ ಹೇಳಿದ ಗಿಡದ ಬೂದಿಯ ಔಷಧವನ್ನು ಉಸಾಮಾ ತಾನೇ ಬೇರೆಯವರ ಮೇಲೆ ಪ್ರಯೋಗಿಸಿ, ಗುಣ ಕಂಡು ಬರೆದಿಟ್ಟ. ವಿನೆಗರಿನ ಆಮ್ಲ ಗಾಯದ ಸೋಂಕನ್ನು ತಗ್ಗಿಸುತ್ತದೆ, ಇದು ಇವತ್ತಿಗೂ ಒಪ್ಪುವ ಮಾತು.

ವೈನಿನಿಂದ ಗಾಯ ತೊಳೆಯುವುದೂ ಇತ್ತು. ಬೊಲೋನ್ಯದ ಶಸ್ತ್ರವೈದ್ಯ ಲುಕ್ಕಾದ ಹ್ಯೂ ಐದನೆಯ ಕ್ರುಸೇಡಿನ ಜೊತೆ ಈಜಿಪ್ಟಿನ ದಮಿಯೆಟ್ಟಾಕ್ಕೆ ಹೋಗಿದ್ದ. ಕೀವು ಬಂದರೇ ಗಾಯ ಮಾಯುತ್ತದೆ ಎಂಬ ಆ ಕಾಲದ ನಂಬಿಕೆಯನ್ನು ಅವನೂ, ಅವನ ವಿದ್ಯೆಯನ್ನು ಬರೆದಿಟ್ಟ ಥಿಯೊಡೊರಿಕ್‌ನೂ ತಿರಸ್ಕರಿಸಿದರು. ಗಾಯವನ್ನು ವೈನಿನಲ್ಲಿ ತೊಳೆದು, ಒಳಗೆ ಉಳಿದ ಚೂರು ತೆಗೆದು, ಬಾಯಿ ಕೂಡಿಸಿ, ಒಣಗಲು ಬಿಡಬೇಕು ಎಂದರು. ಅಫೀಮು ಮುಂತಾದವುಗಳ ರಸದಲ್ಲಿ ಅದ್ದಿದ ಸ್ಪಂಜನ್ನು ಮೂಗಿಗೆ ಹಿಡಿದು ರೋಗಿಗೆ ಮಂಪರು ತರಿಸುವ ಕ್ರಮವನ್ನೂ ಥಿಯೊಡೊರಿಕ್ ವಿವರಿಸಿದ್ದಾನೆ.

ಇನ್ನೊಂದು ಮಾತು. ಪೂರ್ವದಲ್ಲಿ ನೆಲೆಸಿದ ಫ್ರಾಂಕ್ ಕುಲೀನರು ಸಿರಿಯನ್, ಯಹೂದಿ, ಮುಸಲ್ಮಾನ ವೈದ್ಯರನ್ನೇ ನಂಬುತ್ತಾರೆ ಎಂದು ಟೈರ್‌ನ ಆರ್ಚ್‌ಬಿಷಪ್ ವಿಲಿಯಂ ಗೊಣಗಿದ್ದಾನೆ. ಮನ್ಸೂರಾದಿಂದ ಹಿಂದಿರುಗುವಾಗ ಸೆರೆಸಿಕ್ಕ ಜ್ವಾನ್ವೀಲ್‌ನ ಗಂಟಲಲ್ಲಿ ಬಾವು ಎದ್ದಾಗ, ಅವನಿಗೆ ಕುಡಿಯಲು ಔಷಧ ಕೊಟ್ಟು ಎರಡು ದಿನದಲ್ಲಿ ಗುಣ ಮಾಡಿದವನು ಶತ್ರುಪಕ್ಷದ ಮುಸಲ್ಮಾನ.

ಕತ್ತಿಗಿಂತ ರೋಗವೇ ಹೆಚ್ಚು ಜನರನ್ನು ಕೊಂದಿತೆ?

ಮುತ್ತಿಗೆಗಳ ಮಟ್ಟಿಗೆ ಹೌದು ಎನ್ನಲು ನಾನು ಹಿಂಜರಿಯುವುದಿಲ್ಲ. ಒಂದೇ ಜಾಗದಲ್ಲಿ ಸಾವಿರಾರು ಜನ, ಕುದುರೆ, ಹೆಣ, ಮಲ, ಕೊಳಕು ನೀರು, ತಿಂಗಳುಗಟ್ಟಲೆ ಒಣ ಆಹಾರ. 1190–91ರ ಚಳಿಗಾಲದಲ್ಲಿ ಏಕರ್ ಮುಂದಿನ ಪಾಳೆಯದಲ್ಲಿ ಹಸಿವು ಎಷ್ಟಿತ್ತೆಂದರೆ ಜನರ ಮುಖ, ಕಾಲು ಊದಿಕೊಂಡು ಹಲ್ಲು ಉದುರಿದವು. 1218–19ರ ಚಳಿಗಾಲದಲ್ಲಿ ದಮಿಯೆಟ್ಟಾ ಎದುರು ಮತ್ತೆ ಅದೇ: ವಸಡು ಕಪ್ಪಾಯಿತು, ಕಾಲು ಕಪ್ಪಾಯಿತು. ಟೆಂಪ್ಲರ್ ಮಹಾಗುರು ಗಿಯೋಮ್ ದೆ ಶಾರ್ತ್ರ್ ಸತ್ತದ್ದು ಆ ದಂಡಯಾತ್ರೆಯ ಕಾಲದ ಕಾಯಿಲೆಯಿಂದಲೇ, ಕತ್ತಿಯಿಂದಲ್ಲ. ಮನ್ಸೂರಾದಲ್ಲಿ ಕ್ಷೌರಿಕರು ಸೈನಿಕರ ಬಾಯಲ್ಲಿ ಸತ್ತ ವಸಡಿನ ಮಾಂಸ ಕತ್ತರಿಸುತ್ತಿದ್ದರೆ ಪಾಳೆಯದ ತುಂಬ ಹೆರಿಗೆ ನೋವಿನ ಹೆಂಗಸರ ಹಾಗೆ ಕೂಗು ಕೇಳುತ್ತಿತ್ತು ಎಂದು ಜ್ವಾನ್ವೀಲ್ ಬರೆದಿದ್ದಾನೆ. ಇವೆಲ್ಲ ಸ್ಕರ್ವಿಯ ಲಕ್ಷಣ. ತಾಜಾ ಹಣ್ಣು, ಸೊಪ್ಪು ಇಲ್ಲದೆ ವಿಟಮಿನ್ ಸಿ ಖಾಲಿಯಾದಾಗ ಬರುವ ರೋಗ. ಒಂದು ಬುಟ್ಟಿ ನಿಂಬೆಹಣ್ಣು ಸಿಕ್ಕಿದ್ದರೆ ಎಷ್ಟು ಜನ ಬದುಕುತ್ತಿದ್ದರೋ ಎಂದು ಅನ್ನಿಸದೆ ಇರದು.

ಜ್ವರಗಳ ಕಾಟವೂ ಇತ್ತು. ಮೂರನೆಯ ದಿನಕ್ಕೆ ಮರುಕಳಿಸುವ ಜ್ವರ, ನಾಲ್ಕನೆಯ ದಿನಕ್ಕೆ ಮರುಕಳಿಸುವ ಜ್ವರ ಎಂದು ಅವರು ವಿಂಗಡಿಸುತ್ತಿದ್ದರು. ಇವು ಮಲೇರಿಯಾದ ಬಗೆಗಳು. ನಮ್ಮ ಆಯುರ್ವೇದದಲ್ಲೂ ತೃತೀಯಕ, ಚತುರ್ಥಕ ಎಂದು ಇದೇ ಲೆಕ್ಕದ ಹೆಸರುಗಳಿವೆ. ದೂರದೂರದ ಎರಡು ವೈದ್ಯ ಪರಂಪರೆಗಳು ಒಂದೇ ಜ್ವರವನ್ನು ಒಂದೇ ರೀತಿ ಎಣಿಸಿದವು.

ಹೊಟ್ಟೆಯ ಕಥೆ ತಿಳಿದದ್ದು ಪಾಯಿಖಾನೆಗಳಿಂದ. ಏಕರ್ ನಗರದಲ್ಲಿ ಹಾಸ್ಪಿಟಲರ್‌ಗಳ ಆವರಣದ ಶೌಚಗುಂಡಿಯ 13ನೇ ಶತಮಾನದ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜಂತುಹುಳು, ಚಾಟಿಹುಳು, ಲಾಡಿಹುಳುಗಳ ಮೊಟ್ಟೆ ಸಿಕ್ಕವು. ಆಮಶಂಕೆ ತರುವ ಅಮೀಬಾ ಮತ್ತು ಜಿಯಾರ್ಡಿಯಾದ ಗುರುತೂ ಸಿಕ್ಕಿತು. ಅಲ್ಲಿ ಸಿಕ್ಕ ಇನ್ನೊಂದು ಹುಳು, ಮೀನಿನ ಲಾಡಿಹುಳು. ಅದು ಸರಿಯಾಗಿ ಬೇಯಿಸದ ಸಿಹಿನೀರಿನ ಮೀನು ತಿಂದವರ ಹೊಟ್ಟೆ ಸೇರುವಂಥದ್ದು, ಉತ್ತರ ಯುರೋಪಿನಲ್ಲಿ ಹೆಚ್ಚು. ಅಲ್ಲಿಂದ ಬಂದವರು ತಮ್ಮ ಹೊಟ್ಟೆಯಲ್ಲೇ ಅದನ್ನು ಹೊತ್ತು ಸಮುದ್ರ ದಾಟಿದ್ದರು. ಸೈಪ್ರಸ್‌ನ ಸರಾಂಡಾ ಕೊಲೊನೆಸ್ ಕೋಟೆಯ ಪಾಯಿಖಾನೆಯಲ್ಲೂ ಜಂತುಹುಳು, ಚಾಟಿಹುಳುಗಳು ಸಿಕ್ಕಿವೆ. ಆ ಕೋಟೆ 1222ರ ಭೂಕಂಪದಲ್ಲಿ ಬಿದ್ದದ್ದರಿಂದ ಕಾಲವೂ ಖಚಿತ. ಹೊಟ್ಟೆ ತುಂಬ ಊಟ ಇರುವಾಗ ಹುಳುಗಳ ಜೊತೆ ಬದುಕಬಹುದು. ಮುತ್ತಿಗೆ ಬಿದ್ದು ಅರೆಹೊಟ್ಟೆಯಾದಾಗ ಆ ಅರೆಹೊಟ್ಟೆಯಲ್ಲೂ ಹುಳು ಪಾಲು ಕೇಳುತ್ತದೆ.

ಬಿಸಿಲು, ಉಪವಾಸಗಳಿಗೆ ಟೆಂಪ್ಲರ್ ನಿಯಮ ಏನು ಹೇಳುತ್ತಿತ್ತು?

1129ರಲ್ಲಿ ಫ್ರಾನ್ಸಿನ ತ್ರ್ವಾ (Troyes) ನಗರದ ಧರ್ಮಸಭೆಯಲ್ಲಿ ಒಪ್ಪಿದ ಟೆಂಪ್ಲರ್ ನಿಯಮ ಕಟ್ಟುನಿಟ್ಟಿನದು, ಆದರೆ ಮೈಯನ್ನು ಮರೆತದ್ದಲ್ಲ. ಪೂರ್ವದೇಶದ ಸೆಕೆ ಹೆಚ್ಚಾದ್ದರಿಂದ ಈಸ್ಟರಿನಿಂದ ನವೆಂಬರ್ ಮೊದಲಿನ ಸಕಲ ಸಂತರ ಹಬ್ಬದವರೆಗೆ ಉಣ್ಣೆಯ ಬದಲು ನಾರುಬಟ್ಟೆಯ ಅಂಗಿ ತೊಡಬಹುದು ಎಂದಿತು. ವಾರಕ್ಕೆ ಮೂರು ಸಲ ಮಾಂಸ. ಊಟಕ್ಕೆ ಇಬ್ಬಿಬ್ಬರು ಒಂದೇ ಬಟ್ಟಲಲ್ಲಿ ತಿನ್ನಬೇಕು. ಬಟ್ಟಲುಗಳ ಕೊರತೆ ಒಂದು ಕಾರಣ. ಇನ್ನೊಂದು ಕಾರಣ, ಜೊತೆಯವನು ಕದ್ದು ಉಪವಾಸ ಮಾಡುತ್ತಿದ್ದಾನೆಯೇ ಎಂದು ಕಣ್ಣಿಟ್ಟಿರುವುದು. ಗುಟ್ಟಾಗಿ ಮೈ ದಂಡಿಸಿ ಸೊರಗಿದವನು ಕುದುರೆ ಏರಿ ಹೋರಾಡಲಾರ ಎಂಬುದು ಅವರಿಗೆ ಗೊತ್ತಿತ್ತು.

ಕಾಯಿಲೆ ಬಿದ್ದ ಟೆಂಪ್ಲರ್‌ಗೆ ಏನು ಸಿಗುತ್ತಿತ್ತು?

ಆರೈಕೆ ದಯೆಯ ಮಾತಾಗಿರಲಿಲ್ಲ, ಹಕ್ಕಾಗಿತ್ತು. ‘ನಾನು ರೋಗಿಯಾಗಿದ್ದೆ, ನೀವು ನನ್ನನ್ನು ನೋಡಲು ಬಂದಿರಿ’ ಎಂಬ ಬೈಬಲ್ ವಾಕ್ಯವನ್ನು ನಿಯಮವೇ ನೆನಪಿಸುತ್ತದೆ. ಮಾಂಸ, ಕೋಳಿ, ಮೈ ಚೇತರಿಸಿಕೊಳ್ಳಲು ಬೇಕಾದ ಬೇರೆ ಆಹಾರ, ಎಲ್ಲವನ್ನೂ ಮನೆಯ ಶಕ್ತಿಯಿದ್ದಷ್ಟು ಕೊಡಬೇಕು. ರಕ್ತ ತೆಗೆಸಿಕೊಳ್ಳಲು ಮಾತ್ರ ಅಪ್ಪಣೆ ಬೇಕಿತ್ತು. ತನ್ನ ಮೈ ತನ್ನದಲ್ಲ, ಸಂಘದ್ದು ಎಂದು ವ್ರತ ತೊಟ್ಟವನಲ್ಲವೆ?

ಸೇರುವಾಗಲೂ ಮೈಯ ವಿಚಾರಣೆ ನಡೆಯುತ್ತಿತ್ತು. ‘ಹೊರಗೆ ಕಾಣದ ಯಾವುದಾದರೂ ರೋಗ ನಿನಗಿದೆಯೆ?’ ಎಂದು ದೀಕ್ಷೆಗೆ ಬಂದವನನ್ನು ನೇರವಾಗಿ ಕೇಳುತ್ತಿದ್ದರು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಿಲುವಂಗಿ ಕಳೆದುಕೊಳ್ಳಬೇಕಾಗಬಹುದು.

ನೈಟ್‌ಗೆ ಕುಷ್ಠ ಬಂದರೆ?

ಸೇರಿದ ಮೇಲೆ ಕುಷ್ಠ ಕಾಣಿಸಿಕೊಂಡರೆ ಏನು ಮಾಡಬೇಕೆಂದು ಟೆಂಪ್ಲರ್ ಕಟ್ಟಳೆಯಲ್ಲಿ ಬರೆದಿದೆ. ಹಿರಿಯರು ಅವನ ಬಳಿ ಹೋಗಿ, ಸಂತ ಲಾಜರಸ್ ಸಂಘಕ್ಕೆ ಸೇರಲು ಅನುಮತಿ ಕೇಳಪ್ಪ ಎಂದು ಬುದ್ಧಿಮಾತು ಹೇಳಬೇಕು. ಅವನು ಒಪ್ಪಿದರೆ ಸರಿ. ಒಪ್ಪದಿದ್ದರೆ? ಅವನ ನಿಲುವಂಗಿ ಕಿತ್ತುಕೊಳ್ಳುವಂತಿಲ್ಲ, ಹೊರಗೆ ಅಟ್ಟುವಂತಿಲ್ಲ. ಬೇರೆ ಜಾಗದಲ್ಲಿ ಇರಿಸಿ, ಬದುಕಿರುವವರೆಗೂ ಬೇಕಾದದ್ದನ್ನು ಸಂಘವೇ ಕೊಡಬೇಕು. ಕುಷ್ಠರೋಗಿಯನ್ನು ಊರಾಚೆ ದೂಡುತ್ತಿದ್ದ ಕಾಲದಲ್ಲಿ ಬರೆದ ಸಾಲುಗಳಿವು. ಓದಿದಾಗಲೆಲ್ಲ ನನ್ನ ಮನಸ್ಸು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ.

ಲಾಜರಸ್ ಸಂಘದ ಆಶ್ರಯ ಜೆರುಸಲೇಮಿನ ಗೋಡೆಯ ಹೊರಗಿತ್ತು, 1140ರ ದಶಕದಿಂದ ಅದರ ದಾಖಲೆ ಸಿಗುತ್ತದೆ. ಕುಷ್ಠ ಬಂದ ನೈಟ್ ಅಲ್ಲಿಗೆ ಸೇರಬೇಕೆಂದು ಜೆರುಸಲೇಮ್ ರಾಜ್ಯದ ಕಾನೂನೇ 1200ರ ಹೊತ್ತಿಗೆ ಹೇಳಿತು. ಹೀಗೆ ಪಳಗಿದ ಯೋಧರು ಕೂಡುತ್ತಾ ಹೋಗಿ, ರೋಗಿಗಳ ಮನೆ ಯೋಧರ ಸಂಘವೂ ಆಯಿತು. ರೋಗ ನಿಧಾನವಾಗಿ ಹಬ್ಬುತ್ತದೆ. ಮೊದಲು ಸ್ಪರ್ಶ ಹೋಗುತ್ತದೆ, ಕೈಬೆರಳ ಹಿಡಿತ ಆಮೇಲೆ ಸಡಿಲವಾಗುತ್ತದೆ. ನಡುವಿನ ವರ್ಷಗಳಲ್ಲಿ ಅವರು ಕುದುರೆ ಏರಿದರು. 1244ರ ಅಕ್ಟೋಬರಿನಲ್ಲಿ ಗಾಜಾ ಬಳಿಯ ಲಾ ಫೋರ್ಬಿ ಯುದ್ಧಕ್ಕೆ ಹೋದ ಲಾಜರಸ್ ನೈಟ್‌ಗಳಲ್ಲಿ ಒಬ್ಬರೂ ಹಿಂತಿರುಗಲಿಲ್ಲ. ಅಲ್ಲಿಂದ ಬದುಕಿ ಬಂದ ಟೆಂಪ್ಲರ್‌ಗಳೇ 33 ಮಂದಿ, ಟ್ಯೂಟಾನಿಕ್ ನೈಟ್‌ಗಳು ಮೂವರು. ಅಲ್ಲಿಯವರೆಗೆ ಲಾಜರಸ್ ಸಂಘದ ಗುರು ಕುಷ್ಠರೋಗಿಯೇ ಆಗಿರಬೇಕಿತ್ತು. ಆ ಸ್ಥಾನಕ್ಕೆ ಕುಷ್ಠವುಳ್ಳ ನೈಟ್ ಯಾರೂ ಉಳಿಯದ ಕಾರಣ, ಆರೋಗ್ಯವಂತನನ್ನೂ ಗುರುವಾಗಿ ಆರಿಸಬಹುದು ಎಂದು 1253ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಒಪ್ಪಿಗೆ ಕೊಟ್ಟ.

ಕುಷ್ಠರೋಗಿ ರಾಜ ನಾಲ್ಕನೆಯ ಬಾಲ್ಡ್ವಿನ್ ಇವರಲ್ಲೊಬ್ಬನೇ ಎಂದು ಕೆಲವರು ಕೇಳುತ್ತಾರೆ. ಅಲ್ಲ, ಅವನು ವ್ರತ ತೊಟ್ಟವನಲ್ಲ. ಹುಡುಗರು ಆಟದಲ್ಲಿ ಉಗುರಿನಿಂದ ಗಿಲ್ಲಿದರೂ ಅವನಿಗೆ ನೋವಾಗದ್ದನ್ನು ಗುರುವಾಗಿದ್ದ ಟೈರ್‌ನ ವಿಲಿಯಂ ಗಮನಿಸಿದ, ರೋಗ ತಿಳಿದದ್ದು ಹಾಗೆ. ಮಾಂಟ್‌ಗಿಸಾರ್ಡ್ ಗೆದ್ದಾಗ ಅವನಿಗೆ 16 ವರ್ಷ.

ಟೆಂಪ್ಲರ್‌ಗಳು ಒಳ್ಳೆಯ ಪಥ್ಯದಿಂದ ದೀರ್ಘಾಯುಷಿಗಳಾಗಿದ್ದರು ಅನ್ನುತ್ತಾರಲ್ಲ?

ಇದನ್ನು ಎಚ್ಚರದಿಂದ ತೆಗೆದುಕೊಳ್ಳಿ. ಕೊನೆಯ ಮಹಾಗುರು ಜಾಕ್ ದೆ ಮೊಲೆ 1314ರಲ್ಲಿ ಸುಡಲ್ಪಟ್ಟಾಗ ವಯಸ್ಸಾದವನು ಎಂಬುದು ನಿಜ. 1307ರಲ್ಲಿ ಫ್ರಾನ್ಸಿನ ರಾಜ ಟೆಂಪ್ಲರ್‌ಗಳನ್ನು ಹಿಡಿಸಿದ ಮೇಲೆ ನಡೆದ ವಿಚಾರಣೆಯ ದಾಖಲೆಗಳಲ್ಲಿ ಫ್ರಾನ್ಸಿನ ಮುದಿ ಟೆಂಪ್ಲರ್‌ಗಳು ಬಹಳ ಮಂದಿ ಸಿಗುತ್ತಾರೆ. ಆದರೆ ಗಟ್ಟಿಮುಟ್ಟಾದ ತರುಣರು ಹೋಗುತ್ತಿದ್ದದ್ದು ಪೂರ್ವದ ಯುದ್ಧಭೂಮಿಗೆ. ಮುದುಕರು, ಕಾಯಿಲೆಯವರು ಉಳಿಯುತ್ತಿದ್ದದ್ದು ಪಶ್ಚಿಮದ ಮಠಗಳಲ್ಲಿ. ಉಳಿದವರನ್ನಷ್ಟೇ ಎಣಿಸಿದರೆ ಎಲ್ಲರೂ ಬಹುಕಾಲ ಬದುಕಿದಂತೆ ಕಾಣುತ್ತದೆ. ಲಾ ಫೋರ್ಬಿಯಲ್ಲಿ ಸತ್ತವರಿಗೆ ಪಥ್ಯ ಯಾವ ಆಯುಸ್ಸನ್ನೂ ಕೊಡಲಿಲ್ಲ.

ಅಂಗವಿಕಲರಾದವರು, ಮುದುಕರಾದವರು ಎಲ್ಲಿಗೆ ಹೋಗುತ್ತಿದ್ದರು?

ಸಂಘ ಸಾಯುವವರೆಗೆ ಸಾಕುತ್ತಿತ್ತು. ಇಂಗ್ಲೆಂಡಿನಲ್ಲಿ ಲಿಂಕನ್‌ಶೈರಿನ ಈಗಲ್, ಕೇಂಬ್ರಿಜ್‌ಶೈರಿನ ಡೆನ್ನಿ ಎಂಬ ಎರಡು ಟೆಂಪ್ಲರ್ ಮನೆಗಳು ಮುದಿ ಮತ್ತು ರೋಗಿ ಸಹೋದರರಿಗೆಂದೇ ಇದ್ದವು.

1307ರ ಬಂಧನದ ನಂತರದ ಚಿತ್ರಹಿಂಸೆಯನ್ನೂ ‘ಗಾಯ’ದ ಲೆಕ್ಕಕ್ಕೆ ಸೇರಿಸಬೇಕೆ?

ಸೇರಿಸಲೇಬೇಕು. ಟೆಂಪ್ಲರ್‌ಗಳ ಮೈಮೇಲಿನ ಗಾಯಗಳಲ್ಲಿ ಅತ್ಯಂತ ವಿವರವಾಗಿ ದಾಖಲಾದವು ಶತ್ರುವಿನ ಕತ್ತಿಯಿಂದ ಆದವಲ್ಲ, ತಮ್ಮದೇ ರಾಜನ ಸೆರೆಮನೆಯಲ್ಲಿ ಆದವು. ಫ್ರಾನ್ಸಿನ ನಾಲ್ಕನೆಯ ಫಿಲಿಪ್ 1307ರ ಅಕ್ಟೋಬರ್ 13ರಂದು ಧರ್ಮದ್ರೋಹದ ಆರೋಪ ಹೊರಿಸಿ ಅವರನ್ನು ಹಿಡಿಸಿದ. ಪೊನ್ಸಾರ್ ದೆ ಜಿಜಿ ಎಂಬ ಸಹೋದರ 1309ರಲ್ಲಿ ಪೋಪ್‌ನ ಆಯೋಗದ ಮುಂದೆ ನಿಂತು, ತನ್ನ ಕೈಗಳನ್ನು ಬೆನ್ನ ಹಿಂದೆ ಎಷ್ಟು ಬಿಗಿದರೆಂದರೆ ರಕ್ತ ಉಗುರಿನ ತನಕ ಹರಿಯಿತು ಎಂದ. ತಲೆ ಕಡಿಸಿಕೊಳ್ಳಲು, ಬೆಂಕಿಗೆ ಬೀಳಲು, ಕುದಿಯುವ ನೀರಿಗೆ ಬೀಳಲು ಸಿದ್ಧ, ದಿನಗಟ್ಟಲೆಯ ಹಿಂಸೆಯನ್ನು ಮಾತ್ರ ತಾಳಲಾರೆ ಎಂದ. ಪ್ಯಾರಿಸ್‌ನಲ್ಲಿ 36 ಸಹೋದರರು ಹಿಂಸೆಯಿಂದ ಸತ್ತರೆಂದೂ ಹೇಳಿದ. ಬೆರ್ನಾರ್ ದೆ ವಾಡೋ ಎಂಬ ಟೆಂಪ್ಲರ್ ಪಾದ್ರಿಯ ಪಾದಗಳನ್ನು ಬೆಂಕಿಯ ಮುಂದೆ ಹಿಡಿದಿದ್ದರು. ಕೆಲವು ದಿನಗಳಲ್ಲಿ ಹಿಮ್ಮಡಿಯ ಮೂಳೆಗಳು ಕಳಚಿ ಬಿದ್ದವು. ಆ ಎರಡು ಮೂಳೆಗಳನ್ನು ಅವನು ಆಯೋಗದ ಮುಂದೆ ಎತ್ತಿ ತೋರಿಸಿದ. ರೋಗಿ ಸಹೋದರನಿಗೆ ಕೋಳಿಯ ಸಾರು ಕೊಡಬೇಕೆಂದು ಬರೆದಿಟ್ಟುಕೊಂಡಿದ್ದ ಸಂಘದ ಮನುಷ್ಯನ ಕೈಯಲ್ಲಿ ಅವನದೇ ಮೂಳೆ.

ಗಾಯಗೊಂಡ ಯೋಧನ ಸ್ವಂತ ಮಾತು ಏನಾದರೂ ಉಳಿದಿದೆಯೆ?

ಉಳಿದಿದೆ. ಎರಡನ್ನು ಹೇಳುತ್ತೇನೆ, ಎರಡೂ 1291ರ ಮೇ 18ರಂದು ಆದ ಗಾಯಗಳ ಬಗ್ಗೆ. ಅಂದು ಏಕರ್ ನಗರ ಬಿತ್ತು, ಅದರೊಂದಿಗೆ ಪವಿತ್ರಭೂಮಿಯಲ್ಲಿ ಕ್ರುಸೇಡ್ ರಾಜ್ಯವೂ ಮುಗಿಯಿತು.

ಟೆಂಪ್ಲರ್ ಮಹಾಗುರು ಗಿಯೋಮ್ ದೆ ಬೋಜು ಅವಸರದಲ್ಲಿ ಹಗುರವಾದ ಕವಚ ತೊಟ್ಟು ಓಡಿಬಂದಿದ್ದ. ಎಡಗೈ ಎತ್ತಿದಾಗ, ಕವಚದ ತುಂಡುಗಳು ಕೂಡದ ಕಂಕುಳಲ್ಲಿ ಈಟಿಯೊಂದು ಅಂಗೈಯಷ್ಟು ಆಳಕ್ಕೆ ಇಳಿಯಿತು. ಅವನು ಕುದುರೆ ತಿರುಗಿಸಿದ. ಜೊತೆಯವರು, ಸ್ವಾಮಿ, ಬಿಟ್ಟು ಹೋಗಬೇಡಿ, ಊರು ಕೈತಪ್ಪುತ್ತದೆ ಎಂದು ಬೇಡಿಕೊಂಡರು. ‘ನಾನು ಓಡಿಹೋಗುತ್ತಿಲ್ಲ, ನಾನು ಸತ್ತೆ. ಇಗೋ ನೋಡಿ ಪೆಟ್ಟು’ ಎಂದು ಕೈ ಎತ್ತಿ ತೋರಿಸಿದ. ಅವನ ಸೇವೆಯಲ್ಲಿದ್ದ ಬರಹಗಾರನೊಬ್ಬ ಇದನ್ನು ದಾಖಲಿಸಿದ್ದಾನೆ.

ಅದೇ ದಿನ ಹಾಸ್ಪಿಟಲರ್ ಮಹಾಗುರು ಜಾನ್ ದೆ ವಿಲಿಯೆಗೆ ಬೆನ್ನಿನಲ್ಲಿ, ಎರಡು ಭುಜಗಳ ನಡುವೆ ಈಟಿ ತಗುಲಿತು. ಅವನ ಜನ ಅವನನ್ನು ಹೊತ್ತು ಹಡಗಿಗೆ ಹಾಕಿದರು, ಸೈಪ್ರಸ್ ತಲುಪಿದ. ಅಲ್ಲಿಂದ ಅವನು ಬರೆದ ಪತ್ರದಲ್ಲಿ, ಆ ಗಾಯದಿಂದಾಗಿ ಈ ಪತ್ರ ಬರೆಯುವುದೇ ನನಗೆ ಬಹಳ ಕಷ್ಟವಾಗಿದೆ ಎಂಬ ಮಾತು ಇದೆ. ಅವನು ಬದುಕಿದ. ಕೆಲವೇ ವರ್ಷಗಳಲ್ಲಿ ಅವನ ಸಂಘ ಸೈಪ್ರಸ್‌ನ ಲಿಮಸೋಲ್‌ನಲ್ಲಿ ಮತ್ತೆ ಒಂದು ಆಸ್ಪತ್ರೆ ತೆರೆಯಿತು.